ಮೊದಲು ತಾರೀಖು ಕೇಳು

ಮ್ಯಾಂಚೆಸ್ಟರ್
17 ನವೆಂಬರ್ 2024

ಪ್ರೀತಿಯ ಅಪ್ಪಾಜಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ತಮ್ಮ ಹೇಳಿದ, ಸಮಾಧಾನವಾಯಿತು. ಫೋನ್ ಮಾಡಿದಾಗಲೆಲ್ಲ ನೀವು, ‘ಲಾ ಓದಿ ಮುಗಿಯಿತಲ್ಲ, ಇನ್ನೂ ಏನು ಕಲಿಯುತ್ತಿದ್ದೀಯಮ್ಮ?’ ಎಂದು ಕೇಳುತ್ತೀರಿ. ನಾನು ಹೇಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸುತ್ತೇನೆ. ಇವತ್ತು ಭಾನುವಾರ, ಬಿಡುವಿದೆ. ಪೂರ್ತಿ ಬರೆಯುತ್ತೇನೆ.

ಇಲ್ಲಿ ಸಾಲಿಸಿಟರ್, ಅಂದರೆ ಒಂದು ಬಗೆಯ ವಕೀಲೆ, ಆಗಬೇಕಾದರೆ ಪರೀಕ್ಷೆಯ ಜೊತೆಗೆ ಎರಡು ವರ್ಷ ಕೆಲಸ ಮಾಡಿ ಕಲಿತಿರಬೇಕು. ಕೂಲಿಕಾರರಿಗೆ, ಸಣ್ಣ ಸಂಬಳದವರಿಗೆ ಪುಕ್ಕಟೆ ಸಲಹೆ ಕೊಡುವ ಒಂದು ಕೇಂದ್ರದಲ್ಲಿ ನಾನು ಅದನ್ನು ಮಾಡುತ್ತಿದ್ದೇನೆ. ಕೆಲಸ ಕಳೆದುಕೊಂಡವರು, ಸಂಬಳ ಹಿಡಿದುಕೊಂಡರು ಎನ್ನುವವರು, ಗರ್ಭಿಣಿ ಎಂದು ಗೊತ್ತಾದ ವಾರದಲ್ಲೇ ಶಿಫ್ಟ್ ಕಡಿಮೆಯಾದವರು, ಎಲ್ಲರೂ ಬರುತ್ತಾರೆ. ನನಗೆ ಕಲಿಸುವ ಸೀನಿಯರ್ ಈ ಕೆಲಸದಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಹೆಂಗಸು. ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು: ‘ಮೊದಲು ತಾರೀಖು ಕೇಳು.’

ಅದು ಯಾಕೆಂದು ಎರಡನೇ ವಾರ ಗೊತ್ತಾಯಿತು. ಇಲ್ಲಿ ಕೆಲಸದಿಂದ ತೆಗೆದದ್ದು ಅನ್ಯಾಯ ಎಂದು ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ, ಅಂದರೆ ಕೆಲಸದ ತಕರಾರುಗಳನ್ನು ತೀರ್ಮಾನಿಸುವ ನ್ಯಾಯಮಂಡಳಿಗೆ, ಹೋಗಲು ಮೂರು ತಿಂಗಳಿಗೆ ಒಂದು ದಿನ ಕಡಿಮೆ ಸಮಯ. ಜೂನ್ 10ಕ್ಕೆ ಕೆಲಸ ಹೋದರೆ ಸೆಪ್ಟೆಂಬರ್ 9ರೊಳಗೆ ಏಕಾಸ್‌ಗೆ ತಿಳಿಸಬೇಕು. ಏಕಾಸ್ ಎಂದರೆ ಮಾಲೀಕರಿಗೂ ಕೆಲಸಗಾರರಿಗೂ ರಾಜಿ ಮಾಡಿಸಲು ನೋಡುವ ಸರ್ಕಾರಿ ಸಂಸ್ಥೆ. 2014ರಿಂದ ಅದರ ಬಾಗಿಲು ತಟ್ಟದೆ ಕೇಸು ಹಾಕುವ ಹಾಗಿಲ್ಲ. ಒಬ್ಬ ಕ್ಲೀನರ್ ಕಂಪನಿಯೊಳಗೇ ಮೇಲ್ಮನವಿ ಹಾಕಿಕೊಂಡು, ಉತ್ತರ ಬರಲಿ ಎಂದು ಕಾದು, ನಾಲ್ಕನೇ ತಿಂಗಳು ನಮ್ಮಲ್ಲಿಗೆ ಬಂದರು. ಒಳಗಿನ ಮೇಲ್ಮನವಿ ನಡೆಯುತ್ತಿದೆ ಎಂದು ಗಡುವು ನಿಲ್ಲುವುದಿಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದನ್ನು ಟ್ರಿಬ್ಯೂನಲ್ ಸುಲಭಕ್ಕೆ ಒಪ್ಪುವುದೂ ಇಲ್ಲ. ಆ ಮನುಷ್ಯ ಕಾಗದಗಳನ್ನೆಲ್ಲ ಎಷ್ಟು ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದರು ಅಪ್ಪಾಜಿ! ಅವರಿಗೆ ವಿಷಯ ಹೇಳುವ ಕೆಲಸವನ್ನು ಸೀನಿಯರ್ ನನ್ನಿಂದಲೇ ಮಾಡಿಸಿದರು. ಅದನ್ನೂ ಕಲಿಯಬೇಕು ಎಂದರು.

ಇನ್ನೊಂದು ಕೇಸನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಕ್ಷಿದಾರರ ಗುಟ್ಟು ಹೊರಗೆ ಹೋಗಬಾರದು, ಅದಕ್ಕೇ ಗುರುತು ಸಿಗದ ಹಾಗೆ ಬದಲಿಸಿ ಬರೆದಿದ್ದೇನೆ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಹೆಂಗಸು, ಹದಿನಾಲ್ಕು ತಿಂಗಳ ಕೆಲಸ. ನಡತೆ ಸರಿಯಿಲ್ಲ ಎಂದು ತೆಗೆದುಹಾಕಿದ್ದರು. ಆಕೆ ಬಾಯಿ ಬಿಡುವಷ್ಟರಲ್ಲೇ ನಾನು ಎಷ್ಟು ದಿನದ ಸರ್ವೀಸ್, ನೋಟಿಸ್ ಕೊಟ್ಟರೇ ಎಂದೆಲ್ಲ ಕೇಳುತ್ತಾ ಹೋದೆ. ಸಾಮಾನ್ಯ ಕೇಸಿಗೆ ಎರಡು ವರ್ಷದ ಸರ್ವೀಸ್ ತುಂಬಿರಬೇಕು. ತುಂಬಿಲ್ಲ, ಕೇಸಿಲ್ಲ ಎಂದು ಮನಸ್ಸಿನಲ್ಲೇ ಫೈಲು ಮುಚ್ಚಿಬಿಟ್ಟಿದ್ದೆ.

ಆಮೇಲೆ ಸೀನಿಯರ್ ಬಂದು ಕೂತರು. ಪೆನ್ನು ಮೇಜಿನ ಮೇಲಿಟ್ಟು, ‘ಹೋದ ಚಳಿಗಾಲದಿಂದ ಹೇಳಿ’ ಎಂದರು. ನಲವತ್ತು ನಿಮಿಷ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಹೆಂಗಸು ಮಗಳ ಶಾಲೆ, ಬಸ್ಸು, ಸೊಂಟನೋವು ಎಲ್ಲ ಹೇಳಿದರು. ಸೊಂಟನೋವು ಯಾಕೆ ಬಂತು ಎನ್ನುವಲ್ಲಿ ವಿಷಯ ಹೊರಬಿತ್ತು. ಮುದುಕರನ್ನು ಹಾಸಿಗೆಯಿಂದ ಎತ್ತುವ ಯಂತ್ರಕ್ಕೆ ಇಬ್ಬರು ಬೇಕು, ರಾತ್ರಿ ಒಬ್ಬರನ್ನೇ ಬಿಡುತ್ತಿದ್ದಾರೆ, ಯಾರಾದರೂ ಬಿದ್ದಾರು ಎಂದು ಆಕೆ ಮ್ಯಾನೇಜರ್‌ಗೆ ಇಮೇಲ್ ಬರೆದಿದ್ದರು. ಕೆಲಸ ಹೋದದ್ದು ಅದಾದ ಐದನೇ ವಾರ.

ಜನರ ಪ್ರಾಣಕ್ಕೆ ಅಪಾಯವಿದೆ ಎಂದು ಎಚ್ಚರಿಸಿದ್ದಕ್ಕೇ ಕೆಲಸದಿಂದ ತೆಗೆದಿದ್ದರೆ ಎರಡು ವರ್ಷದ ಲೆಕ್ಕವೇ ಬರುವುದಿಲ್ಲ. 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆಕ್ಟ್‌ನ 103ಎ ಕಲಮು ಅದು. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಕಲಮು! ಕಲಮು ನನಗೆ ಗೊತ್ತಿತ್ತು, ಆದರೆ ಅದು ಸೊಂಟನೋವಿನ ಒಳಗೆ ಅಡಗಿ ಕೂತಿರುತ್ತದೆ ಎನ್ನುವುದು ಗೊತ್ತಿರಲಿಲ್ಲ. ಇಂಥ ಕೇಸಿನಲ್ಲಿ ತೀರ್ಪು ಬರುವವರೆಗೆ ಸಂಬಳ ನಿಲ್ಲದಂತೆ ತುರ್ತು ಆದೇಶ ಕೇಳಬಹುದು, ಆದರೆ ಕೆಲಸ ಹೋದ ಏಳೇ ದಿನದೊಳಗೆ. ಆಕೆ ಬಂದದ್ದು ಮೂರನೇ ವಾರ. ಮತ್ತೆ ತಾರೀಖು.

ಕೊನೆಗೆ ಏಕಾಸ್ ಮೂಲಕ ರಾಜಿಯಾಯಿತು. ರಾಜಿಗೆ ಮುಂಚೆ, ನಿಮಗೆ ನಿಜವಾಗಿ ಏನು ಬೇಕು ಎಂದು ಕೇಳಿದೆವು. ದುಡ್ಡಿಗಿಂತ ಮೊದಲು, ಮುಂದಿನ ಕೆಲಸಕ್ಕೆ ತೋರಿಸಲು ಕಳಂಕವಿಲ್ಲದ ಒಂದು ಪತ್ರ ಬೇಕು ಎಂದರು. ಎರಡು ದಿನ ಅದರ ಒಂದೊಂದು ಪದಕ್ಕೂ ಎಳೆದಾಡಿ ಬರೆಸಿಕೊಂಡೆವು.

ಉಳಿದದ್ದೆಲ್ಲ ಕೈಕೆಲಸ. ಫೈಲಿನ ಪುಟಗಳಿಗೆ ಸಂಖ್ಯೆ ಹಾಕುವುದು, ತಾರೀಖಿನ ಪ್ರಕಾರ ಘಟನೆಗಳ ಪಟ್ಟಿ ಮಾಡುವುದು, ಸಂಬಳದ ಚೀಟಿಯಲ್ಲಿ ಕಡಿತ ಎಲ್ಲಾಗಿದೆ ಎಂದು ಹುಡುಕುವುದು. ಕೆಲಸ ಹೋದವರು ಎಲ್ಲೆಲ್ಲಿ ಅರ್ಜಿ ಹಾಕಿದರು ಎಂದು ಅವರಿಂದಲೇ ಒಂದು ನೋಟ್‌ಬುಕ್‌ನಲ್ಲಿ ಬರೆಸಿಡುತ್ತೇವೆ. ಹೊಸ ಕೆಲಸಕ್ಕೆ ಪ್ರಯತ್ನವನ್ನೇ ಮಾಡದವರಿಗೆ ಪರಿಹಾರದಲ್ಲಿ ಕಡಿಮೆ ಮಾಡುತ್ತಾರೆ. ಸಾಕ್ಷಿಯ ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆಯಬೇಕು. ನನ್ನ ಮೊದಲ ಹೇಳಿಕೆಯಲ್ಲಿ ಒಬ್ಬ ಲಾರಿ ಡ್ರೈವರ್ ಲಾ ಕಾಲೇಜಿನ ಹುಡುಗಿಯ ಹಾಗೆ ಮಾತಾಡಿದ್ದ. ಸೀನಿಯರ್ ಅದನ್ನು ಪೂರ್ತಿ ಹೊಡೆದುಹಾಕಿದರು, ಅದೇ ಸರಿ.

ಟ್ರಿಬ್ಯೂನಲ್‌ನ ವಿಚಾರಣೆಯನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಬಿಡುವಿದ್ದಾಗ ಹಿಂದಿನ ಸಾಲಿನಲ್ಲಿ ಕೂತು ನೋಡುತ್ತೇನೆ. ಕರಿ ಗೌನು, ಬಿಳಿ ವಿಗ್ಗು ಏನೂ ಇಲ್ಲ, ಆಫೀಸಿನ ಕೋಣೆಯ ಹಾಗಿರುತ್ತದೆ. ಕೇಸು ಹಾಕಲು ಶುಲ್ಕವೂ ಇಲ್ಲ. 2013ರಲ್ಲಿ ಹಾಕಿದ್ದರು, ಯುನಿಸನ್ ಎಂಬ ಕಾರ್ಮಿಕ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ 2017ರಲ್ಲಿ ಅದನ್ನು ರದ್ದು ಮಾಡಿಸಿತು. ಒಳ್ಳೆಯ ವಕೀಲರು ಪಾಟೀಸವಾಲಿನಲ್ಲಿ ಒಂದು ಪ್ರಶ್ನೆಗೆ ಒಂದೇ ಸಂಗತಿ ಇಡುತ್ತಾರೆ. ‘ವಜಾ ಪತ್ರ ಟೈಪ್ ಮಾಡಿದ್ದು ಮಂಗಳವಾರವೇ?’ ‘ಹೌದು.’ ‘ಕಂಪನಿಯ ಒಳವಿಚಾರಣೆ ಮುಗಿದದ್ದು ಬುಧವಾರವೇ?’ ಅಷ್ಟು ಕೇಳಿ ಕೂತುಬಿಟ್ಟರು. ಕೋಣೆಯಲ್ಲಿ ಸದ್ದಿಲ್ಲ.

ಅವತ್ತು ನನಗೆ ನಿಮ್ಮ ನೆನಪು ಬಂತು ಅಪ್ಪಾಜಿ.

ಕೆಲಸದಲ್ಲಿ ನಿಮ್ಮ ಮೇಲೆ ಎನ್‌ಕ್ವೈರಿ ನಡೆದಾಗ ನನಗೆ ಒಂಬತ್ತು ವರ್ಷ. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೋಗುತ್ತಿದ್ದಿರಿ, ಬಂದು ಮಾತಾಡದೆ ಮಲಗುತ್ತಿದ್ದಿರಿ. ಆಮೇಲೆ ಯಾರಾದರೂ ಆ ವಿಷಯ ಎತ್ತಿದರೆ, ‘ನಾನು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋಕೆ ಆಗಲಿಲ್ಲ’ ಎನ್ನುತ್ತಿದ್ದಿರಿ. ಸಾಬೀತು ಮಾಡುವ ಭಾರ ನಿಮ್ಮ ಮೇಲೆ ಇರಲಿಲ್ಲ. ಆರೋಪ ಹೊರಿಸಿದ ಆಡಳಿತದವರೇ ಸಾಕ್ಷಿ ತಂದು ತೋರಿಸಬೇಕಾಗಿತ್ತು. ಇಲ್ಲಿ 1978ರಿಂದ ನಡೆದುಬಂದ ಬರ್ಚೆಲ್ ಪರೀಕ್ಷೆ ಎಂದಿದೆ, ತಪ್ಪು ಮಾಡಿದನೆಂದು ವಜಾ ಮಾಡಿದ್ದು ಸರಿಯೇ ಎಂದು ನೋಡುವ ಅಳತೆಗೋಲು. ಕೆಲಸಗಾರ ತಪ್ಪು ಮಾಡಿದ್ದಾನೆ ಎಂದು ಮಾಲೀಕ ನಿಜವಾಗಿ ನಂಬಿದ್ದನೇ, ನಂಬಲು ತಕ್ಕ ಕಾರಣವಿತ್ತೇ, ಸರಿಯಾಗಿ ವಿಚಾರಿಸಿದ್ದನೇ, ಇಷ್ಟನ್ನು ಕೇಳುತ್ತದೆ. ತನ್ನ ತೀರ್ಮಾನವನ್ನು ಮಾಲೀಕನ ತೀರ್ಮಾನದ ಜಾಗದಲ್ಲಿ ಇಡಲು ಟ್ರಿಬ್ಯೂನಲ್‌ಗೆ ಅಧಿಕಾರವಿಲ್ಲ. ನಮ್ಮ ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ ಸೇರಿಸಿದ 11ಎ ಕಲಮಿನಲ್ಲಿ ಲೇಬರ್ ಕೋರ್ಟು ಶಿಕ್ಷೆ ಜಾಸ್ತಿಯಾಯಿತು ಎಂದು ವಜಾ ರದ್ದು ಮಾಡಬಹುದಾಗಿತ್ತು. ನಮ್ಮದು ಇಲ್ಲಿಯದಕ್ಕಿಂತ ದೊಡ್ಡ ಬಾಗಿಲಾಗಿತ್ತು. ಅದನ್ನು ನಿಮಗೆ ಆಗ ಯಾರಾದರೂ ಹೇಳಿದ್ದರೇ?

ಒಂದು ಕೆಲಸ ಮಾಡಿ. ಕಬ್ಬಿಣದ ಟ್ರಂಕಿನಲ್ಲಿರುವ ಆ ಫೈಲನ್ನು ತೆಗೆದು ಪ್ರತಿ ಪುಟದ ಫೋಟೋ ತಮ್ಮನಿಂದ ಕಳಿಸಿ. ಚಾರ್ಜ್‌ಶೀಟ್, ನೀವು ಕೊಟ್ಟ ಉತ್ತರ, ಎನ್‌ಕ್ವೈರಿಯ ಹಾಳೆಗಳು, ಕವರುಗಳೂ ಸೇರಿ, ಅವುಗಳ ಮೇಲೆ ಅಂಚೆಯ ಮುದ್ರೆ ಇರುತ್ತದೆ. ಜೋಡಿಸಲು ಹೋಗಬೇಡಿ, ಇದ್ದ ಹಾಗೇ ಕಳಿಸಿ. ಕೇಸಿನ ಕಾಲ ಮುಗಿದುಹೋಗಿದೆ ಎಂದು ನನಗೆ ಗೊತ್ತು. ನನಗೆ ಓದಬೇಕು, ಅಷ್ಟೇ. ಮುಂದಿನ ಭಾನುವಾರ ಫೋನ್ ಮಾಡುತ್ತೇನೆ. ಚಾರ್ಜ್‌ಶೀಟ್ ಕೈಗೆ ಬಂದ ದಿನದಿಂದ ಹೇಳಿ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ನಿಮ್ಮ ಮಗಳು