ಯೊಹಾನಿಸ್‌ಬರ್ಗ್ ಬೆಟ್ಟದ ಆ ಹಿರಿಯರಿಗೆ

ಜರ್ಮನಿಯ ಗೈಸನ್‌ಹೈಮ್ ರೈಲು ನಿಲ್ದಾಣದಿಂದ ಬೆಟ್ಟದ ಮೇಲಿನ ಅರಮನೆಗೆ ದ್ರಾಕ್ಷಿ ತೋಟಗಳ ನಡುವೆ ನಡೆದೇ ಹೋಗೋಣ ಎಂದವನು ನಾನೇ. ಮೈಸೂರಿನಿಂದ ಬಂದಿದ್ದ ಅಪ್ಪನ ಮಂಡಿ ಅರ್ಧ ಏರಿನಲ್ಲೇ ಮುಷ್ಕರ ಹೂಡಿತು. ಆಗ ನೀವು ಹಳೆಯ ವ್ಯಾನ್ ನಿಲ್ಲಿಸಿದಿರಿ. ನನ್ನ ಹರಕುಮುರುಕು ಜರ್ಮನ್ ಮುಗಿಯುವ ಮೊದಲೇ ಸೀಟಿನ ಮೇಲಿದ್ದ ಕತ್ತರಿ, ತಂತಿಸುರುಳಿಗಳನ್ನು ಹಿಂದಕ್ಕೆ ಸರಿಸಿ ಅಪ್ಪನಿಗೆ ಜಾಗ ಮಾಡಿದಿರಿ.

ಅರಮನೆಯ ಅಂಗಳದಲ್ಲಿ ಇಳಿಸಿ ಹೊರಟುಹೋಗಬಹುದಿತ್ತು. ಬದಲಿಗೆ, ಅಲ್ಲಿರುವ ಕುದುರೆ ಸವಾರನ ಪ್ರತಿಮೆಯ ಮುಂದೆ ನಿಂತು ಕಥೆ ಹೇಳಿದಿರಿ. ಈ ಬೆಟ್ಟಕ್ಕೆ 1720ರಿಂದ ರೀಸ್ಲಿಂಗ್ ಎಂಬ ದ್ರಾಕ್ಷಿ ತಳಿಯ ಬಳ್ಳಿಗಳನ್ನು ನೆಟ್ಟದ್ದು, ಆಗ ಒಡೆತನ ಫುಲ್ಡಾದ ಮಠಾಧಿಪತಿಗಳದ್ದು, ಅವರ ಅಪ್ಪಣೆಯಿಲ್ಲದೆ ಕೊಯ್ಲಿಲ್ಲ. 1775ರಲ್ಲಿ ಅಪ್ಪಣೆ ತರಬೇಕಿದ್ದ ಸವಾರ ತಡಮಾಡಿದ; ಹಣ್ಣಿಗೆ ಬೂಷ್ಟು ಹಿಡಿಯಿತು. ಬೇರೆ ದಾರಿಯಿಲ್ಲದೆ ಅದನ್ನೇ ಹಿಂಡಿದರೆ ಅಪರೂಪದ ಮದ್ಯವೇ ಇಳಿಯಿತಂತೆ. ತಡವಾದ ಕೊಯ್ಲಿನ ‘ಶ್ಪೇಟ್‌ಲೇಸೆ’ ಮದ್ಯಕ್ಕೆ ಹೆಸರು ಬಂದದ್ದು ಹೀಗೆ.

ನಾನು ಅನುವಾದಿಸಿದ್ದನ್ನು ಕೇಳಿ ಅಪ್ಪ, “ನಮ್ಮಲ್ಲಿ ತಡವಾದರೆ ಮಜ್ಜಿಗೆ ಹುಳಿಯಾಗುತ್ತದೆ, ಇವರದು ನೋಡು!” ಎಂದರು. ಅದನ್ನು ಜರ್ಮನ್‌ಗೆ ತರಲು ನನ್ನಿಂದಾಗಲಿಲ್ಲ. ನೀವು ಮಾತ್ರ ಅರ್ಥವಾದವರಂತೆ ನಕ್ಕಿರಿ.

ಜಗುಲಿಯಿಂದ ರೈನ್ ನದಿ ನೋಡುತ್ತ ನಾನು ಒಂದು ಲೋಟ ರೀಸ್ಲಿಂಗ್ ಮದ್ಯ ಕುಡಿದೆ; ಅಪ್ಪ ನೀರು. ಹೆಸರು ಕೇಳಲು ತಿರುಗಿದಾಗ ನೀವಿರಲಿಲ್ಲ, ಕೆಲಸಕ್ಕೆ ಮರಳಿದ್ದಿರಿ. ತುಂಬಾ ಧನ್ಯವಾದಗಳು. ಅಪ್ಪನ ಕೊಡೆ ನಿಮ್ಮ ವ್ಯಾನಿನಲ್ಲೇ ಉಳಿದಿದೆ. ಇಟ್ಟುಕೊಳ್ಳಿ ಎನ್ನುತ್ತಿದ್ದಾರೆ, ಗಟ್ಟಿ ಕೊಡೆ, ಎರಡು ಮಳೆಗಾಲ ಕಂಡಿದೆ.