ಲಾಂಚ್ ಕಾಲದ ನೆನಪು ಬರೆದಿಡಿ

ಮಾನ್ಯರೇ,

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆ ಆದಾಗಿನಿಂದ ಅದರ ಉದ್ದ, ಖರ್ಚು, ಕೇಬಲ್ ಬಗ್ಗೆ ಸಾಕಷ್ಟು ಓದಿದ್ದೇವೆ. ಮೊಬೈಲ್ ತೆರೆದರೆ ಡ್ರೋನ್ ವಿಡಿಯೋಗಳೇ. ಆದರೆ ಎಷ್ಟೋ ದಶಕ ಆ ನೀರನ್ನು ಜನ, ವಾಹನ ಎರಡನ್ನೂ ಹೊರುವ ದೊಡ್ಡ ದೋಣಿಯಲ್ಲಿ, ಅಂದರೆ ಲಾಂಚ್‌ನಲ್ಲಿ ದಾಟಿದ ಜನರ ಬಗ್ಗೆ ಬಂದದ್ದು ಕಡಿಮೆ. ನನ್ನ ತವರು ಹಿನ್ನೀರಿನ ಆಚೆ ದಡದ ತುಮರಿ ಕಡೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಸೇತುವೆ ಬೇಕೇ ಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರಿನಲ್ಲಿ ಊರೂರೇ ಹೋದವು, ಉಳಿದ ನಮ್ಮವರಿಗೆ ಸಾಗರ ಪೇಟೆ ದೂರವಾಯಿತು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ದಡದಲ್ಲೇ ಉಳಿಯಬೇಕು, ಇಲ್ಲವೇ ಎಲ್ಲೆಲ್ಲೋ ಸುತ್ತು ಹಾಕಿಕೊಂಡು ಹೋಗಬೇಕು. ರಾತ್ರಿ ಹೊತ್ತು ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಮನೆಯವರಿಗೆ ಕೈಕಾಲೇ ಆಡುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಇದನ್ನೆಲ್ಲ ಕಂಡವರು ಯಾರೂ ಸುಮ್ನೆ ಲಾಂಚೇ ಚೆಂದ ಇತ್ತು ಅನ್ನುವುದಿಲ್ಲ.

ಆದರೂ ಅಲ್ಲಿ ಒಂದು ಬದುಕು ಇತ್ತು. ಲಾಂಚ್ ದಡಕ್ಕೆ ಬಂದು ಮುಂದಿನ ಕಬ್ಬಿಣದ ಹಲಗೆ ದಡಾರ್ ಅಂತ ನೆಲಕ್ಕೆ ಬೀಳುತ್ತಿತ್ತು, ಬಸ್ಸು ಹಿಂದೆ ಮುಂದೆ ಮಾಡುತ್ತಾ ಹತ್ತುತ್ತಿತ್ತು, ಸಿಬ್ಬಂದಿ 'ಬರ್ಲಿ, ಬರ್ಲಿ, ಸಾಕು' ಅಂತ ಕೈ ಮಾಡುತ್ತಿದ್ದರು, ಆಮೇಲೆ ಬೈಕುಗಳು, ಅವುಗಳ ಸಂದಿಯಲ್ಲಿ ಅಡಿಕೆ ಮೂಟೆ, ಮದುವೆ ಮನೆಗೆ ಹೊರಟ ದೊಡ್ಡ ಪಾತ್ರೆಗಳು. ದಾಟುವಷ್ಟು ಹೊತ್ತು ಯಾರಿಗೂ ಬೇರೆ ಕೆಲಸ ಇಲ್ಲ. ಯಾರ ಮನೆ ಹುಡುಗಿಗೆ ಎಲ್ಲಿ ಸಂಬಂಧ ಕೂಡಿಬಂತು, ಯಾರ ತೋಟಕ್ಕೆ ಕೊಳೆರೋಗ ಬಿತ್ತು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ನನ್ನ ಅಜ್ಜಿ ಯಾವಾಗಲೂ ಕಂಬಿ ಹಿಡಿದು ನಿಂತು, ನೀರಿನ ಒಂದು ಕಡೆ ಬೆರಳು ತೋರಿಸಿ, 'ನಮ್ಮ ಹಳೇ ಮನೆ ಅಲ್ಲಿ' ಅನ್ನುತ್ತಿದ್ದರು. ನನಗೆ ಬರೀ ನೀರು ಕಾಣುತ್ತಿತ್ತು. ಅವರಿಗೆ ಅಂಗಳ, ಹಲಸಿನ ಮರ, ಗದ್ದೆಗೆ ಇಳಿಯುವ ದಾರಿ ಎಲ್ಲವೂ.

ಈಗ ಕಾರಿನಲ್ಲಿ ಗಾಜು ಏರಿಸಿಕೊಂಡು ಒಂದೆರಡು ನಿಮಿಷದಲ್ಲಿ ದಾಟಿಬಿಡುತ್ತೇವೆ. ಮಗನಿಗೆ ಆ ಜಾಗ ತೋರಿಸೋಣ ಅನ್ನುವಷ್ಟರಲ್ಲಿ ಆ ಕಡೆ ದಡ ಬಂದಿರುತ್ತದೆ.

ಮುಳುಗಡೆಗೆ ಮುಂಚಿನ ಊರನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರು ಈಗ ಎಪ್ಪತ್ತರ ಆಚೆ ಇದ್ದಾರೆ. ನೀರು ಇಳಿದಾಗ, ಹಿನ್ನೀರಿನಲ್ಲಿ ಮುಳುಗಿದ ಹಿರೇಭಾಸ್ಕರದ ಹಳೇ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ. ಆದರೆ ಆ ಹಿರಿಯರು ಹೋದ ಮೇಲೆ ಅವರ ಮಾತು ಎಲ್ಲಿ ಸಿಗಬೇಕು? ಆ ಮಾತನ್ನು ಕೇಳಿ ದಾಖಲಿಸುವ ಕೆಲಸವನ್ನು ಸಾಗರದ ಕಾಲೇಜು ಮಕ್ಕಳಿಗೆ ವಹಿಸಿದರೆ ಜಾಸ್ತಿ ಖರ್ಚೂ ಇಲ್ಲ, ಒಂದು ಮೊಬೈಲ್ ಸಾಕು. ಲಾಂಚ್ ಓಡಿಸಿದವರನ್ನೂ, ಹಗ್ಗ ಕಟ್ಟಿದವರನ್ನೂ, ದಡದಲ್ಲಿ ಟೀ ಅಂಗಡಿ ಇಟ್ಟುಕೊಂಡಿದ್ದವರನ್ನೂ ಬಿಡದೆ ಮಾತಾಡಿಸಬೇಕು. ಜಿಲ್ಲಾಡಳಿತ ಒಂದು ಲಾಂಚನ್ನಾದರೂ ಗುಜರಿಗೆ ಹಾಕದೆ, ಲಾಂಚ್ ಹತ್ತುತ್ತಿದ್ದ ಹೊಳೆಬಾಗಿಲಿನ ದಡದಲ್ಲೇ ಉಳಿಸಿ, ಮುಳುಗಿದ ಊರುಗಳ ಹೆಸರನ್ನು ಅಲ್ಲೇ ದೊಡ್ಡದಾಗಿ ಬರೆಸಲಿ.

ನಿಮ್ಮಲ್ಲೂ ಒಂದು ಕೋರಿಕೆ. ಓದುಗರ ಹತ್ತಿರ ಇರುವ ಹಳೇ ಲಾಂಚ್ ಫೋಟೋಗಳನ್ನು, ನಾಲ್ಕು ಸಾಲು ನೆನಪಿನ ಜೊತೆ, ಭಾನುವಾರದ ಪುಟದಲ್ಲಿ ಹಾಕಿ. ನಮ್ಮ ಮನೆಯದನ್ನು ಮೊದಲು ಕಳಿಸುತ್ತೇನೆ.

– ತುಮರಿ ಕಡೆಯ ಓದುಗರೊಬ್ಬರು, ಬೆಂಗಳೂರು