ಕಾಡಂಚಿನ ಹಡ್ಲು ಮತ್ತು ದೇವರಕಾಡುಗಳನ್ನು ಮೊದಲಿನಂತಾಗಿಸಲು ಕೋರಿ ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಗ್ರಾಮ ಪಂಚಾಯಿತಿ ಹಾಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ,
ಪೊನ್ನಂಪೇಟೆ ತಾಲ್ಲೂಕು, ಕೊಡಗು ಜಿಲ್ಲೆ.

ವಿಷಯ: ಹಡ್ಲಿನಲ್ಲಿ (ತೇವದ ಹುಲ್ಲುಗಾವಲಿನಲ್ಲಿ) ಗಿಡ ನೆಡುವ ಕಾರ್ಯಕ್ರಮವನ್ನು ಕೈಬಿಟ್ಟು, ಲಂಟಾನ ಪೊದೆ ತೆಗೆದು ಹುಲ್ಲು ಮರಳಿಸುವ ಕೆಲಸ ಕೈಗೊಳ್ಳುವ ಬಗ್ಗೆ.

ಮಾನ್ಯರೇ,

ನಾವು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ತೋಟ, ಗದ್ದೆ ಮಾಡಿಕೊಂಡಿರುವವರು ಮತ್ತು ಹಾಡಿಗಳಲ್ಲಿ (ಆದಿವಾಸಿ ವಸತಿಗಳಲ್ಲಿ) ವಾಸಿಸುವವರು. ಈ ಮಳೆಗಾಲದಲ್ಲಿ ಗಿಡ ನೆಡಲು ಊರಿನ ಕೆಳಗಿನ ಪೈಸಾರಿ (ಸರ್ಕಾರಿ) ಹಡ್ಲನ್ನು ಆರಿಸಲಾಗಿದೆ ಎಂದು ತಿಳಿದುಬಂದಿದೆ. ಹಸಿರು ಹೆಚ್ಚಬೇಕೆಂಬ ತಮ್ಮ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಹಡ್ಲು ಮರ ಬೆಳೆಸುವ ಜಾಗವಲ್ಲವೆಂಬುದನ್ನು ತಮ್ಮ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ.

ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ ಜೇಡಿಮಣ್ಣಿನ ಮೇಲೆ ಮಳೆನೀರು ನಿಂತು, ಇಂಗಿ, ಬೇಸಿಗೆಯಲ್ಲೂ ತೇವ ಆರದೆ ಹುಲ್ಲು ಚಿಗುರುವ ಜಾಗವೇ ಹಡ್ಲು. ಸುತ್ತಲಿನ ಕಾಡು ಎಲೆಯುದುರಿಸಿ ಒಣಗಿ ನಿಂತಿರುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಆನೆ, ಕಾಟಿ, ಜಿಂಕೆಗಳಿಗೆ ಹಸಿಮೇವು ಸಿಗುವುದು ಇಲ್ಲಿಯೇ. ಇಂತಹ ಜಾಗದಲ್ಲಿ ಸಾಲಾಗಿ ಅಕೇಶಿಯಾ ಅಥವಾ ಸಿಲ್ವರ್ ಓಕ್ ನೆಟ್ಟರೆ ನೀರು ಹೀರಿ ನೆಲ ಒಣಗುತ್ತದೆ, ನೆರಳಿಗೆ ಹುಲ್ಲು ಸಾಯುತ್ತದೆ. ಕಾಡಿನೊಳಗೆ ಬ್ರಿಟಿಷರ ಕಾಲದಿಂದ ಬೆಳೆಸುತ್ತ ಬಂದ ತೇಗದ ತೋಪುಗಳು ಹಲವು ಕಡೆ ಮೇವಿನ ಕಾಡಿನ ಜಾಗವನ್ನು ಆಗಲೇ ಹಿಡಿದಿವೆ. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಆನೆಗೆ ಅಂಚಿನಲ್ಲೂ ಹುಲ್ಲು ಸಿಗದಿದ್ದರೆ ಅದು ನಮ್ಮ ಗದ್ದೆಗೆ ಇಳಿಯದೆ ಬೇರೆ ಎಲ್ಲಿಗೆ ಹೋಗಬೇಕು? ಕಂದಕ, ಸೋಲಾರ್ ಬೇಲಿ, ರೈಲು ಹಳಿಗಳಿಂದ ಮಾಡಿದ ತಡೆಗೋಡೆ ಎಲ್ಲವೂ ಬೇಕು, ನಿಜ. ಆದರೆ ಅವು ಆನೆಯನ್ನು ತಡೆಯುತ್ತವೆಯೇ ಹೊರತು ಅದರ ಹಸಿವನ್ನು ನೀಗಿಸುವುದಿಲ್ಲ.

ನಮ್ಮ ಹಡ್ಲಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಈಗ ಲಂಟಾನ ಮುಚ್ಚಿದೆ. ಅಂದದ ಗಿಡವೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಈ ಪೊದೆಯನ್ನು ಕಾಡುಪ್ರಾಣಿಗಳು ಬಹುಪಾಲು ಮೂಸುವುದಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡುತ್ತವೆ. ಬೇಸಿಗೆಯಲ್ಲಿ ಒಣಗಿದ ಪೊದೆಗೆ ಬೆಂಕಿ ತಗುಲಿದರೆ ಜ್ವಾಲೆ ಮರದ ಕೊಂಬೆಯವರೆಗೆ ಏರುತ್ತದೆ, ಬೆಂಕಿ ಆರಿದ ಮೇಲೆ ಬುಡದಿಂದ ಮತ್ತೆ ಚಿಗುರುವುದೂ ಲಂಟಾನವೇ. ಕೆಲವು ವರ್ಷಗಳ ಹಿಂದೆ ಗುತ್ತಿಗೆದಾರರೊಬ್ಬರು ಜೆಸಿಬಿ ತಂದು ಇದನ್ನು ತೆಗೆಸಿದ್ದರು. ಯಂತ್ರ ಮಣ್ಣನ್ನೆಲ್ಲ ಮಗುಚಿ ಹುಲ್ಲಿನ ಬೇರನ್ನೂ ಕಿತ್ತುಹಾಕಿದ್ದರಿಂದ ಎರಡೇ ಮಳೆಗಾಲದಲ್ಲಿ ಲಂಟಾನ ಮೊದಲಿಗಿಂತ ದಟ್ಟವಾಗಿ ಎದ್ದಿತು. ಅದಕ್ಕೆ ಖರ್ಚಾದ ಹಣವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಇದಕ್ಕೆ ಕೈಕೆಲಸದ ವಿಧಾನವೇ ಸರಿ. ಮಳೆ ಹಿಂದೆ ಸರಿದು ಮಣ್ಣು ಇನ್ನೂ ಮೆದುವಾಗಿರುವಾಗ ತಾಯಿಬೇರನ್ನು ನೆಲಮಟ್ಟದಿಂದ ಸ್ವಲ್ಪ ಕೆಳಗೆ ಕಡಿದು, ಮತ್ತೆ ಬೇರು ಬಿಡದಂತೆ ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ತೆರವಾದ ನೆಲಕ್ಕೆ ಪಕ್ಕದ ಹಡ್ಲಿನ ಹುಲ್ಲಿನ ಬೀಜವನ್ನೇ ಬಿತ್ತಬೇಕು. ಮುಖ್ಯವಾಗಿ, ಹಕ್ಕಿ ಕೂರುವ ಮರಗಳ ಕೆಳಗೆ ಏಳುವ ಲಂಟಾನ ಸಸಿಗಳನ್ನು ಕನಿಷ್ಠ 3 ವರ್ಷ ತಪ್ಪದೆ ಕೀಳಿಸಬೇಕು. ಮೊದಲ ವರ್ಷಕ್ಕೆ ಮಾತ್ರ ಹಣ ಇಟ್ಟು ಮುಂದಿನದನ್ನು ಮರೆಯುವುದಾದರೆ ಈ ಕೆಲಸವನ್ನು ಆರಂಭಿಸದಿರುವುದೇ ಲೇಸು.

ಕೆಲಸವನ್ನು ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳ ಜನರಿಗೆ ನೇರ ಕೂಲಿಯ ಮೇಲೆ ವಹಿಸಬೇಕೆಂದು ಕೋರುತ್ತೇವೆ. ಯಾವ ಹುಲ್ಲು ಎಲ್ಲಿ ಬರುತ್ತದೆ, ಆನೆ ಯಾವ ದಾರಿಯಲ್ಲಿ ನೀರಿಗೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ. ಕಾಫಿ ಕೊಯ್ಲು ಶುರುವಾಗುವ ಮೊದಲು, ತೋಟಗಳಲ್ಲಿ ಕೆಲಸ ಕಡಿಮೆ ಇರುವಾಗ ಅವರಿಗೂ ಇದರಿಂದ ಆಸರೆಯಾಗುತ್ತದೆ.

ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ದೇವರಕಾಡಿನ ವಿಚಾರ ಬೇರೆ. ಅಲ್ಲಿ ಮರವೇ ಬೇಕು. ಕೊಡಗಿನಲ್ಲಿ 1873ರಲ್ಲಿ 6,277 ಹೆಕ್ಟೇರ್ ಇದ್ದ ದೇವರಕಾಡುಗಳ ವಿಸ್ತೀರ್ಣ 1985ರ ವೇಳೆಗೆ 2,550 ಹೆಕ್ಟೇರಿಗೆ ಇಳಿದಿತ್ತು. ನಮ್ಮ ಊರಿನ ದೇವರಕಾಡಿನ ಅಂಚೂ ಸವೆದಿದೆ. ಗಿಡ ನೆಡುವ ಕಾರ್ಯಕ್ರಮವನ್ನು, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಅಲ್ಲಿಗೆ ವರ್ಗಾಯಿಸಿ, ಅದೇ ಕಾಡಿನ ತಾಯಿಮರಗಳ ಬೀಜದಿಂದ ಬೆಳೆಸಿದ ನೇರಳೆ, ಹಲಸು, ಅತ್ತಿ, ಹೊನ್ನೆ, ಬೈನೆ ಸಸಿಗಳನ್ನು ನೆಡಬೇಕು. ಅದಕ್ಕೂ ಮೊದಲು ಸರ್ವೆ ನಡೆಸಿ ಗಡಿಕಲ್ಲು ಹಾಕಿಸಬೇಕು. ಊರಿನವರೇ ಒತ್ತುವರಿ ಮಾಡಿರುವ ಕಡೆ ಬಿಟ್ಟುಕೊಡಿಸುವ ಹೊಣೆಯಲ್ಲಿ ದೇವಸ್ಥಾನ ಸಮಿತಿಯೊಂದಿಗೆ ನಾವೂ ನಿಲ್ಲುತ್ತೇವೆ.

ಉದ್ಯಾನದೊಳಗಿನ ಯಾವ ಕೆಲಸವೂ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂಬುದನ್ನು ನಾವು ಬಲ್ಲೆವು. ಆದ್ದರಿಂದ ಅಂಚಿನ ಪೈಸಾರಿ ಹಡ್ಲಿಗೆ ಸಂಬಂಧಿಸಿದಂತೆ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಟ್ಟು ನಿರ್ಣಯ ಮಾಡಬೇಕೆಂದೂ, 2002ರ ಜೀವವೈವಿಧ್ಯ ಕಾಯ್ದೆಯಂತೆ ಸಮಿತಿ ಸಿದ್ಧಪಡಿಸಬೇಕಾದ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಹಡ್ಲು, ಅದಕ್ಕೆ ನೀರು ತರುವ ತೋಡು ಮತ್ತು ದೇವರಕಾಡನ್ನು ಸೇರಿಸಬೇಕೆಂದೂ, ಗಿಡ ನೆಡಲು ಹಡ್ಲಿನಲ್ಲಿ ಗುಂಡಿ ತೆಗೆಯುವ ಕೆಲಸವನ್ನು ಗ್ರಾಮಸಭೆ ನಡೆಯುವವರೆಗೆ ನಿಲ್ಲಿಸಬೇಕೆಂದೂ ವಿನಂತಿಸುತ್ತೇವೆ. ತಾವು ತಿಳಿಸಿದ ದಿನ ಹಡ್ಲಿನ ಬಳಿ ಹಾಜರಿದ್ದು ಸ್ಥಳವನ್ನು ತೋರಿಸಲು ನಾವು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿಗಳು,
ಕಾಡಂಚಿನ ಗ್ರಾಮ ಹಾಗೂ ಹಾಡಿಗಳ ನಿವಾಸಿಗಳು
(ಸಹಿಗಳನ್ನು ಲಗತ್ತಿಸಲಾಗಿದೆ)